ವೃದ್ಧಾಶ್ರಮದ ಸಿಬ್ಬಂದಿ ಫ್ಲೂ ಲಸಿಕೆ ಯಾಕೆ ಬೇಡ ಅಂತಾರೆ? ನಮ್ಮಲ್ಲಿ 22 ಜನರಲ್ಲಿ ಹಾಕಿಸಿಕೊಂಡವರು 6 ಮಂದಿ

ಸಿಸ್ಟರ್_ಮೈಸೂರು (ಮೇ 9)

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಖಾಸಗಿ ವೃದ್ಧಾಶ್ರಮದಲ್ಲಿ ನಾನು ಇನ್‌ಚಾರ್ಜ್ ಸಿಸ್ಟರ್. ಹೆಸರಿಗೆ ಆಶ್ರಮ, ಕೆಲಸ ಅರ್ಧ ಆಸ್ಪತ್ರೆಯದ್ದೇ. 38 ಜನ ಅಜ್ಜ ಅಜ್ಜಿಯರಿದ್ದಾರೆ. 15 ಜನ ಹಾಸಿಗೆ ಬಿಟ್ಟು ಏಳೋರಲ್ಲ. ಮೂಗಿನ ಪೈಪಿನಲ್ಲಿ ಗಂಜಿ ಕೊಡುವವರು 4 ಜನ. ಇವರನ್ನೆಲ್ಲ ನೋಡಿಕೊಳ್ಳೋಕೆ ನರ್ಸ್, ಆಯಾ, ಅಟೆಂಡರ್, ಅಡುಗೆಯವರು ಎಲ್ಲ ಸೇರಿ 22 ಜನ ಇದ್ದೇವೆ.

ಹೋದ ವರ್ಷ ಆಗಸ್ಟ್‌ನಲ್ಲಿ ನಮ್ಮಲ್ಲಿ ಫ್ಲೂ ಹೊಕ್ಕಿತು. ಹತ್ತು ದಿನದಲ್ಲಿ 17 ಹಿರಿಯರು ಮಲಗಿದರು. ಇಬ್ಬರು ಹೋದರು. ಅದರಲ್ಲಿ ಒಬ್ಬರು ನನ್ನನ್ನ "ಮಗಾ" ಅಂತ ಕರೀತಿದ್ದ ಅಜ್ಜಿ. ಅವರಿಗೆ ಜ್ವರವೇ ಇರಲಿಲ್ಲ, ಕೆಮ್ಮೂ ಹೆಚ್ಚಿರಲಿಲ್ಲ. ಒಂದು ಬೆಳಿಗ್ಗೆ ಇಡ್ಲಿ ಬೇಡ ಅಂದರು, ಮಧ್ಯಾಹ್ನ ನನ್ನ ಗುರುತು ಸಿಗಲಿಲ್ಲ, ಸಂಜೆ ಉಸಿರು ಬಿಗಿಯಿತು. ವಯಸ್ಸಾದವರಲ್ಲಿ ಫ್ಲೂ ಹೀಗೂ ಬರುತ್ತೆ ಅಂತ ಓದಿದ್ದೆ, ಕಣ್ಣಿಗೆ ಕಂಡಿದ್ದು ಅವತ್ತೇ.

ಅದಕ್ಕೆ ಮೂರು ದಿನ ಮುಂಚೆ ನಮ್ಮ ಒಬ್ಬ ಆಯಾ ಮೈ ಬಿಸಿ ಇಟ್ಟುಕೊಂಡೇ ಕೆಲಸಕ್ಕೆ ಬಂದಿದ್ದಳು. ಆಮೇಲೆ ಕೇಳಿದಾಗ ಅತ್ತಳು. ರಜೆ ಹಾಕಿದರೆ ದಿನದ ಸಂಬಳ ಕಡಿತ ಆಗುತ್ತೆ ಅಂತ ಡೋಲೋ ನುಂಗಿ ಬಂದಿದ್ದಳು. ಅವಳಿಂದಲೇ ಬಂತು ಅಂತ ನಾನು ಹೇಳಲಾರೆ. ನೋಡೋಕೆ ಬರುವ ಮಕ್ಕಳು, ಫಿಸಿಯೋದವರು, ಯಾರಿಂದ ಬೇಕಾದರೂ ಬಂದಿರಬಹುದು.

ಈ ವರ್ಷ ಮಾಲೀಕರು ತಾವೇ ದುಡ್ಡು ಹಾಕಿ ಎಲ್ಲರಿಗೂ ಫ್ಲೂ ಲಸಿಕೆ ತರಿಸಿದರು. ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದೆವು. ಬಂದವರು ಆರು ಜನ, ಅದರಲ್ಲಿ ನಾಲ್ವರು ನರ್ಸ್‌ಗಳು. ಆಯಾಗಳು 11 ಜನ ಇದ್ದಾರೆ, ಒಬ್ಬಳೇ ಬಂದಳು. ಅಜ್ಜಿಯರ ಬಾಯಿಗೆ ತುತ್ತಿಡುವವರು, ಮೈ ಒರೆಸುವವರು, ಎದೆಗೊರಗಿಸಿಕೊಂಡು ಎತ್ತಿ ಕೂರಿಸುವವರು ಇವರೇ. ಮೊದಲು ನನಗೆ ಸಿಟ್ಟು ಬಂತು. ಈಗ ಸಿಟ್ಟು ಇಳಿದಿದೆ, ಅರ್ಥ ಮಾಡಿಕೊಳ್ಳಬೇಕು ಅನ್ನಿಸ್ತಿದೆ. ಬೇರೆ ಕಡೆ ಕೆಲಸ ಮಾಡುವವರು, ನೀವೇ ಬೇಡ ಅಂದವರಾದರೂ ಸರಿ, ದಯವಿಟ್ಟು ಬರೆಯಿರಿ.

ಹಿರಿಮಗ

ಸಿಸ್ಟರ್, ನಮ್ಮ ಅಮ್ಮ ಬೆಂಗಳೂರಿನ ಒಂದು ಹೋಮ್‌ನಲ್ಲಿದ್ದರು. 2023ರ ಮಾರ್ಚ್‌ನಲ್ಲಿ H3N2 ಫ್ಲೂ ಅಂತ ಟಿವಿ ತುಂಬ ಸುದ್ದಿ ಇತ್ತಲ್ಲ, ಹಾಸನ ಜಿಲ್ಲೆಯ 82 ವರ್ಷದ ಹಿರಿಯರೊಬ್ಬರು ತೀರಿಕೊಂಡಿದ್ದರು, ಅದೇ ಹೊತ್ತಿನಲ್ಲಿ ಅಮ್ಮನೂ ಐಸಿಯು ಸೇರಿದರು. ವಾಪಸ್ ಬರಲಿಲ್ಲ. ತಿಂಗಳಿಗೆ ನಲವತ್ತು ಸಾವಿರ ಕಟ್ಟುತ್ತಿದ್ದೆ. ನೋಡಿಕೊಳ್ಳುವವರು ಒಂದು ಸೂಜಿ ಚುಚ್ಚಿಸಿಕೊಳ್ಳಬೇಕು ಅಂತ ಕೇಳೋದು ತಪ್ಪಾ? ಕಡ್ಡಾಯ ಮಾಡಿ. ಒಪ್ಪದವರು ಬೇರೆ ಕೆಲಸ ನೋಡಿಕೊಳ್ಳಲಿ. ಗಟ್ಟಿಯಾಗಿ ಹೇಳ್ತಿದ್ದೀನಿ ಅನ್ನಿಸಿದರೆ ಕ್ಷಮಿಸಿ, ನನ್ನ ನೋವು ಇನ್ನೂ ಆರಿಲ್ಲ.

ಸಿಂಧನೂರಿನಾಕಿ

ಅಕ್ಕಾರ, ನಾನೂ ಇಂಥಾದ್ದ ಒಂದ್ ಕಡೆ ಕೆಲಸ ಮಾಡಾಕಿ, ಬೆಂಗಳೂರಾಗ. ಆರು ವರ್ಷ ಆತು. ನಾನೂ ಬ್ಯಾಡ ಅಂದಾಕಿನ. ಯಾಕಂತ ನೀವ ಕೇಳೀರಿ, ಹೇಳ್ತೀನಿ.

ಸೂಜಿಗೆ ಅಂಜಿ ಅಲ್ರೀ. ಎರಡು ಹಡದೀನಿ, ಸೂಜಿ ಏನ್ ದೊಡ್ಡದು. ನಮ್ಮ ಕಡೆ ಒಂದು ಕಾಗದ ತಂದ್ರು, ಪೂರಾ ಇಂಗ್ಲೀಷ್‌ನಾಗ ಇತ್ತು. ಇಲ್ಲಿ ಸಹಿ ಹಾಕು ಅಂದ್ರು. ಕೇರಳದ ಸಿಸ್ಟರೊಬ್ಬಾಕಿ ಓದಿ ಹೇಳಿದ್ಲು, ಏನರ ಆದ್ರ ಸಂಸ್ಥೆ ಜವಾಬ್ದಾರಿ ಅಲ್ಲ ಅಂತ ಬರದದ ಅಂತ. ಏನೂ ಆಗಂಗಿಲ್ಲ ಅಂದ್ರ ಆ ಮಾತು ಯಾಕ ಬರೀಬೇಕು? ಅದನ್ನ ಕೇಳಿದ ಕೂಡ್ಲೆ ನಾವು ಎಂಟು ಮಂದಿ ಎದ್ದು ಬಂದ್ವಿ.

ಇನ್ನ ಜ್ವರ. ಸೂಜಿ ಹಾಕಿಸ್ಕೊಂಡ್ರ ಒಂದೆರಡು ದಿನ ಮೈ ಕೈ ನೋಯ್ತಾವ ಅಂತ ಅವರ ಹೇಳ್ತಾರ. ಆ ಎರಡು ದಿನ ಪಗಾರ ಯಾರು ಕೊಡ್ತಾರ? ನಾ ಏಜೆನ್ಸಿ ಕಡೆಯಿಂದ ಬಂದಾಕಿ. ಒಂದು ದಿನ ಬರ್ಲಿಲ್ಲಂದ್ರ ಆ ದಿನದ ರೊಕ್ಕ ಇಲ್ಲ. ಎರಡು ದಿನ ಬರ್ಲಿಲ್ಲಂದ್ರ ಬ್ಯಾರೆ ಹುಡುಗೀನ ಕಳಸ್ತಾರ.

ಹಿರಿಮಗ ಅಣ್ಣಾರ, ನಿಮ್ಮ ತಾಯಿ ಸುದ್ದಿ ಓದಿ ಹೊಟ್ಯಾಗ ಸಂಕಟ ಆತು. ನಾ ನೋಡ್ಕೊಂಡಿದ್ದ ಅಜ್ಜಿ ಹೋದಾಗ ನಾ ಎರಡು ದಿನ ಉಂಡಿಲ್ಲ. ನಮಗ ಅವರ ಜೀವದ ಕಾಳಜಿ ಇಲ್ಲ ಅಂತ ಮಾತ್ರ ತಿಳೀಬ್ಯಾಡ್ರಿ.

ಹಿರಿಮಗ

ತಂಗಿ, ಆ ಕಾಗದದ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಕಟ್ಟುತ್ತಿದ್ದ ದುಡ್ಡಿನಲ್ಲಿ ನಿಮಗೆ ಒಂದು ದಿನದ ಜ್ವರದ ರಜೆಯೂ ಸಿಗುತ್ತಿರಲಿಲ್ಲ ಅನ್ನೋದೂ ಗೊತ್ತಿರಲಿಲ್ಲ. ಕೇಳಬೇಕಿತ್ತು ನಾನು.

ಹಾಸನದವಳು

ನಮ್ಮ ಕಡೆ ಇನ್ನೊಂದು ಕಾರಣ ಇದೆ, ಯಾರೂ ಬಾಯಿಬಿಟ್ಟು ಹೇಳಲ್ಲ. 2025ರ ಜೂನ್‌ನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬರುತ್ತಿತ್ತು. ಚಿಕ್ಕ ವಯಸ್ಸಿನವರು, ಆಟೊ ಓಡಿಸುವವರು, ಕಾಲೇಜು ಹುಡುಗರು. ಕೋವಿಡ್ ಲಸಿಕೆಯಿಂದಲೇ ಅಂತ ಊರೆಲ್ಲ ಮಾತು. ದೊಡ್ಡವರೇ ಹಾಗೆ ಅನುಮಾನ ಆಡಿದಾಗ ಜನ ನಂಬದೆ ಇರ್ತಾರಾ? ಆಮೇಲೆ ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ ಅಂತ ವರದಿ ಕೊಟ್ಟಿತು. ಅನುಮಾನ ಹರಡಿದ ವೇಗದಲ್ಲಿ ವರದಿ ಹರಡಲಿಲ್ಲ. ನಾನು ಕೆಲಸ ಮಾಡುವಲ್ಲಿ ಅಟೆಂಡರ್ ಹುಡುಗರು ಇವತ್ತಿಗೂ "ಇಂಜೆಕ್ಷನ್ ಅಂದ್ರೆ ಹಾರ್ಟು" ಅಂತಾರೆ. ಇದು ಫ್ಲೂ ಲಸಿಕೆ, ಬೇರೆ ಅಂದರೆ "ಎಲ್ಲ ಒಂದೇ ಅಕ್ಕ" ಅಂತ ಹೋಗ್ತಾರೆ.

ಸಮುದಾಯ_ವೈದ್ಯ

ನಾನು ಸಮುದಾಯ ವೈದ್ಯಶಾಸ್ತ್ರ ಕಲಿಸುವವನು. ಮೇಲಿನ ಮಾತುಗಳನ್ನು ಓದಿ, ನಾವು ವೈದ್ಯರು ಯಾವ ಪ್ರಶ್ನೆಗೆ ಉತ್ತರ ಕೊಡಬೇಕೋ ಅದನ್ನು ಬಿಟ್ಟು ಬೇರೇನೋ ಹೇಳುತ್ತಾ ಬಂದಿದ್ದೇವೆ ಅನ್ನಿಸಿತು.

ಮೊದಲು ಹಾರ್ಟಿನ ಮಾತು, ಅದೇ ದೊಡ್ಡ ಭಯ. ಲೆಕ್ಕ ತಿರುಗುಮುರುಗಾಗಿದೆ. ಹೃದಯಕ್ಕೆ ಪೆಟ್ಟು ಕೊಡುವುದು ಫ್ಲೂ ಕಾಯಿಲೆ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರಿದ್ದು ಕಂಡಿತು. ಅದಕ್ಕೇ ಹೃದ್ರೋಗಿಗಳಿಗೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂತ ಹೃದಯ ತಜ್ಞರೇ ಹೇಳುವುದು.

ಎರಡನೆಯದು, ಲಸಿಕೆಯಿಂದಲೇ ಫ್ಲೂ ಬರುತ್ತೆ ಅನ್ನುವುದು. ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಅದರಿಂದ ಫ್ಲೂ ಬರಲು ಸಾಧ್ಯವಿಲ್ಲ. ತೋಳು ನೋವು, ಮೈ ನೋವು, ಸ್ವಲ್ಪ ಜ್ವರ ಒಂದೆರಡು ದಿನ ಬರಬಹುದು. ಅದನ್ನು ಮುಚ್ಚಿಡಬಾರದು. "ಏನೂ ಆಗಲ್ಲ" ಅಂದು ಕಳಿಸಿದವರಿಗೆ ರಾತ್ರಿ ಜ್ವರ ಬಂದರೆ ನಮ್ಮ ಉಳಿದ ಮಾತೂ ಸುಳ್ಳಾಗುತ್ತೆ.

ಬಸುರಿಯರು? ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗಲ್ಲ ಅನ್ನುವ ಮಾತೂ ನಾನು ಕೇಳಿದ್ದೇನೆ. ಗರ್ಭಿಣಿಯರಿಗೆ ಈ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮುಖ್ಯವಾಗಿ ಶಿಫಾರಸು ಮಾಡುತ್ತದೆ, ಯಾಕೆಂದರೆ ಅವರಿಗೆ ಫ್ಲೂ ಬಂದರೆ ತೀವ್ರವಾಗುವ ಅಪಾಯ ಹೆಚ್ಚು.

ಇನ್ನು ನೇರವಾಗಿ ಒಪ್ಪಬೇಕಾದ ಒಂದು ವಿಷಯ. ಈ ಲಸಿಕೆ ಪೋಲಿಯೊ ಲಸಿಕೆಯಷ್ಟು ಗಟ್ಟಿ ಅಲ್ಲ. ವೈರಸ್ ಜೊತೆ ಚೆನ್ನಾಗಿ ಹೊಂದಿಕೆಯಾದ ವರ್ಷಗಳಲ್ಲಿ ಡಾಕ್ಟರ ಹತ್ತಿರ ಹೋಗುವಷ್ಟು ಫ್ಲೂ ಬರುವ ಸಾಧ್ಯತೆಯನ್ನು 40ರಿಂದ 60 ಶೇಕಡಾ ಇಳಿಸುತ್ತದೆ. ವಯಸ್ಸಾದವರ ಮೈಯಲ್ಲಿ ಅದಕ್ಕಿಂತ ಕಡಿಮೆ. ಹಿರಿಯರಿಗೆ ಲಸಿಕೆ ಹಾಕಿದ ಮೇಲೂ ಸುತ್ತ ಇರುವವರು ಹಾಕಿಸಿಕೊಳ್ಳಿ ಅನ್ನುವುದು ಇದಕ್ಕೇ.

ಕಡಲತೀರ

ಡಾಕ್ಟ್ರೇ, ಒಂದು ಸಂಶಯ ಉಂಟು. ನಾನು ಮಂಗಳೂರಿನವಳು, ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮಾಡಿ ಹದಿನೈದು ವರ್ಷ ಆಯ್ತು. ಸಿಬ್ಬಂದಿ ಹಾಕಿಸಿಕೊಂಡ್ರೆ ಹಿರಿಯರ ಸಾವು ಕಡಿಮೆ ಆಗ್ತದೆ ಅಂತ ನಿಜವಾಗಿ ಯಾರಾದ್ರೂ ನೋಡಿದ್ದಾರಾ, ಅಲ್ಲ ಅಂದಾಜಾ? ನಾನು ಪ್ರತಿ ವರ್ಷ ಹಾಕಿಸ್ತೇನೆ ಮಾರಾಯ್ರೆ, ಆದ್ರೂ ಜೂನಿಯರ್ ಹುಡುಗಿಯರು ಕೇಳಿದ್ರೆ ಏನು ಹೇಳುವುದು ಅಂತ ಗೊತ್ತಿಲ್ಲ.

ಸಮುದಾಯ_ವೈದ್ಯ

ನೋಡಿದ್ದಾರೆ, ಮತ್ತು ಉತ್ತರ ಪೂರ್ತಿ ನೇರವಾಗಿಲ್ಲ. 1990ರ ದಶಕದಲ್ಲಿ ಸ್ಕಾಟ್ಲೆಂಡ್‌ನಲ್ಲಿ, ವೃದ್ಧರು ದೀರ್ಘಕಾಲ ಇರುವ ಆಸ್ಪತ್ರೆಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಸಿಬ್ಬಂದಿಗೆ ಲಸಿಕೆ ಕೊಡುವ ಏರ್ಪಾಟು ಮಾಡಿದರು, ಇನ್ನೊಂದಕ್ಕೆ ಮಾಡಲಿಲ್ಲ. 20 ಆಸ್ಪತ್ರೆಗಳ ಪ್ರಯೋಗ 2000ದಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಲಸಿಕೆ ಕೊಟ್ಟ ಕಡೆ ರೋಗಿಗಳ ಸಾವು ಶೇ. 13.6, ಕೊಡದ ಕಡೆ ಶೇ. 22.4. ದೊಡ್ಡ ವ್ಯತ್ಯಾಸವೇ. ಆದರೆ ಅದೇ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿದಾಗ ಎರಡೂ ಕಡೆ ಫ್ಲೂ ಸಿಕ್ಕ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಹಾಗಾದರೆ ಸಾವು ಇಳಿದದ್ದು ಲಸಿಕೆಯಿಂದಲೇನಾ ಅನ್ನುವ ಪ್ರಶ್ನೆ ಉಳಿಯಿತು. ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ತೂಗಿದ ಕೊಕ್ರೇನ್ ಪರಿಶೀಲನೆಯೂ ಪುರಾವೆ ಸಾಕಷ್ಟು ಗಟ್ಟಿಯಿಲ್ಲ ಅಂದಿದೆ.

ನಾನು ಏನು ಹೇಳ್ತೀನಿ ಅಂದರೆ, ಹಾಕಿಸಿಕೊಂಡ ಆಯಾಗೆ ತನಗೇ ಲಾಭ ಇದೆ, ಅದು ಖಚಿತ. ಅಜ್ಜಿಗೂ ಲಾಭ ಇರುವ ಸಾಧ್ಯತೆ ಚೆನ್ನಾಗಿದೆ. "ನೀನು ಹಾಕಿಸಿಕೊಳ್ಳದಿದ್ದರೆ ಅಜ್ಜಿ ಸಾಯ್ತಾಳೆ" ಅಂತ ಹೆದರಿಸುವಷ್ಟು ಪುರಾವೆ ನಮ್ಮ ಕೈಲಿಲ್ಲ, ಹೆದರಿಸಲೂ ಬಾರದು.

ಕಡಲತೀರ

ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಥ್ಯಾಂಕ್ಸ್ ಡಾಕ್ಟ್ರೇ.

ಮಲೆನಾಡು_ಯಾರ್ಕ್‌ಶೈರ್

ಸಾಗರದವನು ನಾನು, ಮೂರೂವರೆ ವರ್ಷದಿಂದ ಇಂಗ್ಲೆಂಡಿನಲ್ಲಿ ಕೇರರ್. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್‌ನ ಸಣ್ಣ ಆಸ್ಪತ್ರೆ. ಇಲ್ಲಿ ನರ್ಸಿಂಗ್ ಹೋಮ್ ಅಂದರೆ ದಿನದ 24 ಗಂಟೆಯೂ ನರ್ಸ್ ಇರುವ ವೃದ್ಧರ ಮನೆ. ನೀವು ಹೇಳುತ್ತಿರುವ ಜಾಗ ಇದೇ.

ಕಡ್ಡಾಯ ಮಾಡಿ ಅಂದವರು ಇಲ್ಲಿಯ ಕತೆ ಕೇಳಬೇಕು. 2021ರ ನವೆಂಬರ್ 11ರಿಂದ ಇಂಗ್ಲೆಂಡಿನ ಕೇರ್ ಹೋಮ್‌ಗಳಲ್ಲಿ ಕೆಲಸ ಮಾಡಲು ಕೋವಿಡ್ ಲಸಿಕೆ ಕಡ್ಡಾಯ ಆಯಿತು. ಒಪ್ಪದವರು ಕೆಲಸ ಬಿಡಬೇಕಾಯಿತು. ನಾಲ್ಕೇ ತಿಂಗಳು, 2022ರ ಮಾರ್ಚ್ 15ಕ್ಕೆ ಆ ನಿಯಮವನ್ನು ಸರ್ಕಾರವೇ ಹಿಂದೆ ತೆಗೆಯಿತು. ನಾನು ಬಂದದ್ದು ಆಮೇಲೆ, ಆದರೆ ಆ ಗಾಯ ನಾನು ಬಂದಾಗಲೂ ಹಸಿಯಾಗಿತ್ತು. ಇಪ್ಪತ್ತು ವರ್ಷ ದುಡಿದ ಗೆಳತಿ ಹೊರಗೆ ಹೋದಳು, ಮಾರ್ಚ್‌ನಲ್ಲಿ ನಿಯಮವೇ ಬೇಡ ಅಂದರು ಅಂತ ನನ್ನ ಜೊತೆಯ ಹಿರಿಯ ಕೇರರ್ ಈಗಲೂ ಹೇಳ್ತಾರೆ. ಅವರು ಮೊದಲೆಲ್ಲ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತಿದ್ದರಂತೆ. ಈಗ ಅದನ್ನೂ ಬಿಟ್ಟಿದ್ದಾರೆ.

ಇಲ್ಲಿ ನಮಗೆ ಫ್ಲೂ ಲಸಿಕೆ ಉಚಿತ, ಔಷಧಿ ಅಂಗಡಿಗೆ ಹೋಗಿ ನಾನು ಕೇರರ್ ಅಂದರೆ ಹಾಕ್ತಾರೆ. ಆದರೂ ನಮ್ಮಲ್ಲಿ ಹೋಗುವವರು ಕಡಿಮೆ. ರಾತ್ರಿ ಪಾಳಿ ಮುಗಿಸಿ ಎರಡು ಬಸ್ ಬದಲಿಸಿ ಮನೆ ಸೇರುವವರು ಅಂಗಡಿ ಹುಡುಕಿಕೊಂಡು ಎಲ್ಲಿ ಹೋಗ್ತಾರೆ? ಒಂದು ವರ್ಷ ಮ್ಯಾನೇಜರ್ ನರ್ಸನ್ನೇ ಹೋಮ್‌ಗೆ ಕರೆಸಿ, ಕೆಲಸದ ಹೊತ್ತಿನಲ್ಲೇ ಹಾಕಿಸಿದರು. ಆ ವರ್ಷ ಅರ್ಧಕ್ಕಿಂತ ಹೆಚ್ಚು ಜನ ತೋಳು ಕೊಟ್ಟರು. ಉಪನ್ಯಾಸ ಗಿಪನ್ಯಾಸ ಏನೂ ಇರಲಿಲ್ಲ.

ಸಮುದಾಯ_ವೈದ್ಯ

ಕಡ್ಡಾಯದಿಂದ ಸಂಖ್ಯೆ ಏರುತ್ತೆ ಅನ್ನುವುದಂತೂ ನಿಜ. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2005ರಲ್ಲೇ ಕಡ್ಡಾಯ ಮಾಡಿ ಶೇ. 97 ದಾಟಿಸಿತು. ಆದರೆ ಕೆಲಸಕ್ಕೆ ಜನ ಸಿಗದ, ಏಜೆನ್ಸಿ ಮೇಲೆ ನಿಂತ ವೃದ್ಧಾಶ್ರಮಕ್ಕೂ ದೊಡ್ಡ ಆಸ್ಪತ್ರೆಗೂ ಹೋಲಿಕೆ ಸರಿಯಲ್ಲ. ಲಸಿಕೆ ಇಲ್ಲದಿದ್ದರೆ ಫ್ಲೂ ಕಾಲ ಪೂರ್ತಿ ಮಾಸ್ಕ್ ಹಾಕಿ ಅನ್ನುವ ನಿಯಮವನ್ನು ಒಂಟಾರಿಯೊದ ಕೆಲವು ಆಸ್ಪತ್ರೆಗಳು ತಂದವು. ನರ್ಸ್‌ಗಳ ಸಂಘ ಪ್ರಶ್ನಿಸಿತು, 2015ರಲ್ಲಿ ಮಧ್ಯಸ್ಥಗಾರರು ಆ ನಿಯಮವನ್ನೇ ತಳ್ಳಿಹಾಕಿದರು.

ಮೆಡಿಕಲ್_ಅಂಗಡಿ

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟವನು. ಸಿಸ್ಟರ್‌ಗೆ ಎರಡು ವಿಷಯ ಹೇಳ್ತೀನಿ. ಒಂದು, ತಿಂಗಳು. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಹೆಚ್ಚು, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು. ಸೂಜಿ ಹಾಕಿದ ಮೇಲೆ ರಕ್ಷಣೆ ಬರೋಕೆ ಎರಡು ವಾರ ಬೇಕು. ಮೇ ತಿಂಗಳಲ್ಲಿ ತರಿಸಿದ್ದು ಸರಿಯಾಗಿದೆ. ಎಷ್ಟೋ ಜನ ಕೆಮ್ಮು ಶುರುವಾದ ಮೇಲೆ ಆಗಸ್ಟ್‌ನಲ್ಲಿ ಬಂದು ಕೇಳ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ ಯಾವ ತಳಿ ಇರಬೇಕು ಅಂತ ಹೇಳುತ್ತೆ. ಪೆಟ್ಟಿಗೆ ಮೇಲೆ ಯಾವ ವರ್ಷದ್ದು ಅಂತ ಬರೆದಿರುತ್ತೆ, ಓದಿ ತಗೊಳ್ಳಿ.

ಎರಡು, ಫ್ರಿಡ್ಜ್. 2ರಿಂದ 8 ಡಿಗ್ರಿ. ಫ್ರೀಜರ್‌ನಲ್ಲಿ ಇಟ್ಟರೆ ಹಾಳು, ಮೊಸರಿನ ಪಕ್ಕ ಬಾಗಿಲಲ್ಲಿ ಇಡೋದೂ ಬೇಡ. ಉಳಿದ 16 ಡೋಸ್ ಹೇಗಿಟ್ಟಿದ್ದೀರಿ ನೋಡಿಕೊಳ್ಳಿ. ಒಂದೊಂದಕ್ಕೆ ಸಾವಿರಕ್ಕಿಂತ ಮೇಲೆ ಕೊಟ್ಟಿರ್ತೀರಿ.

ಲೆಕ್ಕದಮ್ಮ

ಪಗಾರದ ಮಾತು ಬಂದಿದ್ದಕ್ಕೆ ಹೇಳ್ತೀನಿ, ನಾನು ಇಎಸ್‌ಐ, ಪಿಎಫ್ ಲೆಕ್ಕ ಬರೆಯುವವಳು. ಇಎಸ್‌ಐ ಅಂದರೆ ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ. ಅದು ಅನ್ವಯವಾಗುವ ಸಂಸ್ಥೆಯಲ್ಲಿ ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರ ಹೆಸರು ಅದರಲ್ಲಿ ಇರಬೇಕು. ಕೆಲಸಗಾರರ ಪಾಲು ಶೇ. 0.75, ಮಾಲೀಕರದ್ದು ಶೇ. 3.25. ಕಾಯಿಲೆ ರಜೆಗೆ ಸಂಬಳದ ಶೇ. 70, ವರ್ಷಕ್ಕೆ 91 ದಿನದವರೆಗೆ ಸಿಗುತ್ತೆ. ಆದರೆ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗಲ್ಲ. ಲಸಿಕೆ ಜ್ವರ ಇರೋದೇ ಆ ಎರಡು ದಿನ! ಹಾಗಾಗಿ ಅದನ್ನು ಮಾಲೀಕರೇ ಕೊಡಬೇಕಾಗುತ್ತೆ. ಸಿಂಧನೂರಿನ ತಂಗಿ, ನಿಮ್ಮ ಏಜೆನ್ಸಿ ನಿಮ್ಮ ಹೆಸರಲ್ಲಿ ಇಎಸ್‌ಐ ಕಟ್ಟುತ್ತಿದೆಯಾ ಕೇಳಿ. ಸಂಬಳದಲ್ಲಿ ಹಿಡೀತಿದ್ದರೆ ನಿಮಗೊಂದು ಇಎಸ್‌ಐ ನಂಬರ್ ಇರಲೇಬೇಕು.

ಸಿಂಧನೂರಿನಾಕಿ

ಹಿಡೀತಾರ್ರೀ ಅಕ್ಕಾರ. ನಂಬರ್ ಕೊಟ್ಟಿಲ್ಲ. ನಾಳೆ ಕೇಳ್ತೀನಿ.

ಸಿಸ್ಟರ್_ಮೈಸೂರು (ಜೂನ್ 2)

ಮೂರು ವಾರದ ಮೇಲೆ ಬರೀತಿದ್ದೀನಿ. ಮೊದಲು ನಮ್ಮ ಕಾಗದ ತೆಗೆದು ನೋಡಿದೆ. ಸಿಂಧನೂರಿನ ತಂಗಿ ಹೇಳಿದ್ದೇ ಸಾಲು, ಇಂಗ್ಲಿಷಿನಲ್ಲಿ, ನಮ್ಮದರಲ್ಲೂ ಇತ್ತು. ನನ್ನ ಕೈಯಾರೆ ಹಂಚಿದ್ದೆ, ಓದಿರಲಿಲ್ಲ. ಬಹಳ ನೋವಾಯಿತು.

ಮಾಲೀಕರ ಹತ್ತಿರ ಈ ಚರ್ಚೆಯನ್ನೇ ಓದಿಸಿದೆ. ರಜೆಯ ವಿಷಯಕ್ಕೆ ಮೊದಲು ಒಪ್ಪಲಿಲ್ಲ. ಹೋದ ಆಗಸ್ಟ್‌ನಲ್ಲಿ ಆಂಬ್ಯುಲೆನ್ಸಿಗೆ, ಬದಲಿ ನರ್ಸ್‌ಗಳಿಗೆ ಎಷ್ಟು ಹೋಯಿತು ಅಂತ ಲೆಕ್ಕ ಪುಸ್ತಕ ತೆಗೆದು ಇಟ್ಟೆ. ಒಂದು ದಿನ ಬಿಟ್ಟು ಒಪ್ಪಿದರು. ಏಜೆನ್ಸಿಯಿಂದ ಬಂದ ಏಳು ಜನಕ್ಕೂ ಕೊಡಬೇಕು ಅನ್ನೋದಕ್ಕೆ ಇನ್ನೂ ನಾಲ್ಕು ದಿನ ಹಿಡಿಯಿತು.

ಆಮೇಲೆ ಒಂದು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಎಲ್ಲರೂ ಊಟದ ಹಾಲ್‌ನಲ್ಲಿ ಕೂತೆವು. ಡಾಕ್ಟರ್ ಹೇಳಿದ ಹಾಗೆ ಜ್ವರ ಬರಬಹುದು ಅಂತಲೇ ಶುರು ಮಾಡಿದೆ. ಹಾರ್ಟಿನ ಪ್ರಶ್ನೆ ಬಂತು, ಹಾಸನದ ಹೆಸರೂ ಬಂತು. ಮಕ್ಕಳಾಗಲ್ವಂತೆ ಹೌದಾ ಅಂತ ಒಬ್ಬಳು ಸೆರಗಿನ ಮರೆಯಲ್ಲಿ ಕೇಳಿದಳು. ಒಂದು ಗಂಟೆ ಹೋಯಿತು. ಕೊನೆಗೆ ಮಾಲೀಕರೂ ಅವರ ಹೆಂಡತಿಯೂ ಎಲ್ಲರ ಮುಂದೆ ಹಾಕಿಸಿಕೊಂಡರು. ವಾರದ ರಜೆಯ ಹಿಂದಿನ ದಿನ ಯಾರಿಗೆ ಯಾವಾಗ ಬೇಕೋ ಆಗ ಹಾಕೋಣ ಅಂದೆ.

ಈಗ 16 ಜನ ಆಗಿದ್ದಾರೆ. ಇಬ್ಬರಿಗೆ ಜ್ವರ ಬಂತು, ರಜೆ ಕೊಟ್ಟೆವು, ಸಂಬಳ ಹಿಡಿಯಲಿಲ್ಲ. ಅದನ್ನು ನೋಡಿ ಮೂವರು ಬಂದರು. ಅಡುಗೆಯ ಅಣ್ಣ ಇವತ್ತಿಗೂ ಬೇಡ ಅಂತಾರೆ, ಇನ್ನೂ ಐದು ಜನ ಯೋಚನೆ ಮಾಡ್ತಿದ್ದಾರೆ. ಅವರನ್ನು ನಾನು ಒತ್ತಾಯಿಸಲ್ಲ. ಕೆಮ್ಮು ಬಂದರೆ ಹೇಳಬೇಕು, ಮನೆಯಲ್ಲಿ ಇರಬೇಕು, ಅದು ಮಾತ್ರ ಎಲ್ಲರಿಗೂ ಒಂದೇ. ಹಿರಿಯರಿಗೂ ಮನೆಯವರನ್ನು ಕೇಳಿ ಹಾಕಿಸ್ತಿದ್ದೀವಿ.

ಸಿಂಧನೂರಿನಾಕಿ

ಅಕ್ಕಾರ, ಹೊಸಾ ಕಾಗದ ಕನ್ನಡದಾಗ ಬರದೀರೇನು? ಇಲ್ಲಿ ಹಾಕ್ರಿ.

ಸಿಸ್ಟರ್_ಮೈಸೂರು

ಹಾಕ್ತೀನಿ ತಂಗಿ, ಇಷ್ಟೇ ಇರೋದು:

"ಫ್ಲೂ ಲಸಿಕೆ ಬಗ್ಗೆ ನನಗೆ ಕನ್ನಡದಲ್ಲಿ ತಿಳಿಸಿ ಹೇಳಿದ್ದಾರೆ. ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಾರೆ.
ಒಂದೆರಡು ದಿನ ತೋಳು ನೋವು, ಮೈ ನೋವು, ಜ್ವರ ಬರಬಹುದು ಎಂದು ನನಗೆ ಗೊತ್ತು.
ಹಾಗಾದರೆ ಎರಡು ದಿನದ ರಜೆಯನ್ನು ಸಂಬಳ ಸಮೇತ ಸಂಸ್ಥೆ ಕೊಡುತ್ತದೆ. ಹೆಚ್ಚು ತೊಂದರೆಯಾದರೆ ಆಸ್ಪತ್ರೆ ಖರ್ಚನ್ನೂ ಸಂಸ್ಥೆ ಕೊಡುತ್ತದೆ.
ಬೇಡ ಎನ್ನುವ ಹಕ್ಕು ನನಗಿದೆ. ಬೇಡ ಎಂದರೆ ನನ್ನ ಕೆಲಸಕ್ಕೆ ತೊಂದರೆಯಿಲ್ಲ.
ಹಾಕಿಸಿಕೊಳ್ಳುತ್ತೇನೆ / ಈಗ ಬೇಡ."

ಕೆಳಗೆ ಮಾಲೀಕರ ಸಹಿ ಮೊದಲು, ಆಮೇಲೆ ಕೆಲಸಗಾರರದ್ದು.

ಸಿಂಧನೂರಿನಾಕಿ

ಇದನ್ನ ಫೋಟೊ ತಗೊಂಡೀನ್ರಿ. ಇಎಸ್‌ಐ ನಂಬರ್ ಕೊಟ್ರು, ಮೂರು ಸಲ ಕೇಳಿದ ಮ್ಯಾಲೆ. ಸೋಮವಾರ ನಮ್ಮ ಮ್ಯಾನೇಜರ್ ಹಂತ್ಯಾಕ ನಾವು ಎಂಟೂ ಮಂದಿ ಕೂಡೇ ಹೊಂಟೀವಿ. ಮೂರನೇ ಸಾಲು ಅವರ ಮುಂದ ನಾನ ಓದ್ತೀನಿ. ಹೂಂ ಅಂದ್ರಂದ್ರ ತೋಳು ಮೊದಲು ನಂದ.